ಹದವಾದ ನೀರು

ಹಿಮ ಬಿದ್ದ ಮೇಲೆ ಆ ಕಣಿವೆಯಲ್ಲಿ ಜನ ಬೆಳಗಿನಿಂದ ಎದುರು ನೋಡುತ್ತಿದ್ದ ಸುಖ ಒಂದೇ, ಸಂಜೆಯ ಸ್ನಾನ. ಗದ್ದೆಗಳೆಲ್ಲ ಮುಚ್ಚಿಹೋಗಿರುತ್ತವೆ, ಕೈಬೆರಳು ಸೆಟೆದಿರುತ್ತವೆ, ಮೂಗಿನ ತುದಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಕತ್ತಿನವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂತು "ಅಪ್ಪಾ" ಎಂದು ಉಸಿರು ಬಿಟ್ಟರೆ, ಅಂದಿನ ದಣಿವೆಲ್ಲ ಆ ಉಸಿರಿನ ಜೊತೆಯಲ್ಲೇ ಹೋಗಿಬಿಡುತ್ತಿತ್ತು.

ತೊಟ್ಟಿ ಎಲ್ಲರ ಮನೆಯಲ್ಲೂ ಇರಲಿಲ್ಲ. ಮಸಾಜಿಯ ಮನೆಯಲ್ಲಿತ್ತು. ಕೊಟ್ಟಿಗೆಗೆ ಆನಿಸಿ ಕಟ್ಟಿದ ಬಚ್ಚಲು, ಒಳಗೆ ದೇವದಾರು ಹಲಗೆಯ ತೊಟ್ಟಿ, ಅದರ ತಳಕ್ಕೆ ಕಬ್ಬಿಣದ ತಗಡು, ತಗಡಿನ ಕೆಳಗೆ ಒಲೆ. ಒಲೆಯ ಬಾಯಿ ಮಾತ್ರ ಗೋಡೆಯ ಆಚೆ, ಬಯಲಿಗೆ. ಮೈಯನ್ನು ತೊಟ್ಟಿಯ ಪಕ್ಕದಲ್ಲಿ ಕೂತು ಉಜ್ಜಿ ತೊಳೆದುಕೊಂಡು ಆಮೇಲೆ ಒಳಗಿಳಿಯಬೇಕು. ಒಂದೇ ನೀರು ಎಲ್ಲರಿಗೂ. ಮೊದಲು ಯಜಮಾನ, ಅವನ ಜೊತೆಗೆ ಪುಟ್ಟ ಹೆಣ್ಣುಮಕ್ಕಳಿಬ್ಬರು, ಆಮೇಲೆ ಅವನ ತಾಯಿ, ಆಮೇಲೆ ನೆರೆಯಿಂದ ಬಂದವರು, ಕಟ್ಟಕಡೆಗೆ ಸೊಸೆ. ಆ ಸೊಸೆ ಮಸಾಜಿಯ ಹೆಂಡತಿ ಫುಸಾ. ಹೊಳೆಯಿಂದ ನೀರು ಹೊರುವವಳೂ ಅವಳೇ, ಉರಿ ಹಾಕುವವಳೂ ಅವಳೇ. ಅವಳ ಸರದಿ ಬರುವ ಹೊತ್ತಿಗೆ ನೀರು ಸೊಂಟಕ್ಕೆ ಇಳಿದು ಉಗುರುಬೆಚ್ಚಗಾಗಿರುತ್ತಿತ್ತು.

ನೆರೆಯಿಂದ ಬರುತ್ತಿದ್ದವಳು ಇನೆ ಅಜ್ಜಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದವಳು. ಅವಳ ಮನೆಯಲ್ಲೂ ಹಿಂದೆ ತೊಟ್ಟಿ ಇತ್ತು, ಈಗ ಇರಲಿಲ್ಲ. ನೀರು ಕಾಯಿಸಿದ ದಿನ ಫುಸಾಳ ಅತ್ತೆ ತೊಕು ಬೇಲಿಯ ಬಳಿ ನಿಂತು ಕೂಗುತ್ತಿದ್ದಳು: "ಏನೇ ಇನೇ, ಕೊಳೆ ಕಟ್ಕೊಂಡು ಕೂತ್ಕೋತೀಯಾ, ಬರ್ತೀಯಾ?" ಇನೆ ಅಜ್ಜಿ ಒಂದು ಮೂಲಂಗಿಯನ್ನೋ ಒಂದು ಹಿಡಿ ಪುರಲೆಯನ್ನೋ ಹಿಡಿದುಕೊಂಡು ಬರುವಳು. ಬಂದವಳು ತೊಕುವಿನ ಬೆನ್ನು ಉಜ್ಜಿಕೊಟ್ಟು, ಆಮೇಲೆ ತಾನು ಮೀಯುವಳು. ಮಿಂದಾದ ಮೇಲೆ ಮುದುಕಿಯರಿಬ್ಬರೂ ನಡುಮನೆಯ ಬೆಂಕಿಗುಂಡಿಯ ಪಕ್ಕ ಕೂತು ಚಹಾ ಕುಡಿಯುತ್ತಾ, ಉಪ್ಪಿನ ಮೂಲಂಗಿ ಕಟುಮ್ ಕಟುಮ್ ಎಂದು ಕಡಿಯುತ್ತಾ, ಸತ್ತವರನ್ನೂ ಬಿಡದೆ ಎಲ್ಲರ ಮೇಲೂ ನಗುವರು. ಅದನ್ನು ಕೇಳುತ್ತಾ ಮಕ್ಕಳು ಅಲ್ಲೇ ನಿದ್ದೆ ಹೋಗುವರು.

ಒಂದು ದಿನ ಫುಸಾಳಿಗೆ ಎಲ್ಲವೂ ಎಡವಟ್ಟಾಗಿತ್ತು. ಹೊಳೆಯ ಅಂಚು ಹೆಪ್ಪುಗಟ್ಟಿ, ಕಾಲು ಜಾರಿ, ತುಂಬಿದ ಕೊಡದ ನೀರು ಮಂಡಿಯ ಮೇಲೆ ಸುರಿದಿತ್ತು. ಸೌದೆ ಹಸಿ. ಊದುಗೊಳವೆ ಊದಿ ಊದಿ ಕಣ್ಣು ಕೆಂಪಾಗಿತ್ತು. ಮಸಾಜಿ ಮಿಂದು ಎದ್ದ, ಮಕ್ಕಳು ಎದ್ದರು. ಫುಸಾ ಇನ್ನಷ್ಟು ಸೌದೆ ತರಲು ಹಿತ್ತಲ ಗುಡಿಸಲಿಗೆ ಹೋಗಿ ಬಂದಳು. ಒಳಗೆ ನೀರು ತುಳುಕಿದ ಸದ್ದಾಯಿತು. ಅತ್ತೆ ಇಳಿದರು, ಇನೆ ಅಜ್ಜಿ ಇನ್ನೂ ಬಂದಿಲ್ಲ ಅಂದುಕೊಂಡಳು. ಮಸಾಜಿ ಎದ್ದ ಮೇಲೆ ಇಳಿಯುವುದು ಅತ್ತೆಯೇ ತಾನೆ, ತಾನು ಮದುವೆಯಾಗಿ ಬಂದ ದಿನದಿಂದ ಅದು ತಪ್ಪಿದ್ದೇ ಇಲ್ಲ. ಒಳಗಿರುವುದು ಯಾರೆಂದು ಗೋಡೆಯಾಚೆ ಕೂತು ಕೇಳುವ ಅಗತ್ಯ ಆ ಊರಿನ ಯಾವ ಸೊಸೆಗೂ ಬಿದ್ದಿರಲಿಲ್ಲ.

ಒಂದು ಕಟ್ಟಿಗೆ ತಳ್ಳಿದಳು. ಹೊಗೆ ಮುಖಕ್ಕೆ ಹೊಡೆಯಿತು. ಅಷ್ಟೇ, ಬಾಯಿ ತೆರೆದುಕೊಂಡಿತು.

"ಅತ್ತೆ, ಇವತ್ತೂ ಆ ಇನೆ ಅಜ್ಜೀನ ಕರೆದ್ರಾ? ಅವಳು ಇಳಿದು ಎದ್ದಮೇಲೆ ನನಗೆ ಉಳಿಯೋದು ಕೆಸವಿನ ಗೆಡ್ಡೆ ತೊಳೆದ ನೀರು. ತರೋದು ಒಂದು ಒಣಕಲು ಮೂಲಂಗಿ, ಹೊತ್ಕೊಂಡು ಹೋಗೋದು ನನ್ನ ತೊಟ್ಟಿ ಬಿಸಿ. ಅವಳ ಮನೇಲೂ ತೊಟ್ಟಿ ಇತ್ತಲ್ಲ, ಏನು ಮಾಡಿದ್ಲು? ಗಂಡನ ಜೊತೆ ಅದನ್ನೂ ಸುಟ್ಟುಬಿಟ್ಲಾ?"

ಅತ್ತೆಗೆ ಕೋಪ ಬಂತೋ ಏನೋ ಎಂದು ಫುಸಾ ಸ್ವರ ತಗ್ಗಿಸಿ, ವಾಡಿಕೆಯ ಮಾತು ಕೇಳಿದಳು:

"ನೀರು ಹೇಗಿದೆ?"

ಹಲಗೆಯ ಆಚೆಯಿಂದ ಧ್ವನಿ ಬಂತು. "ಹದವಾಗಿದೆ. ಉರಿ ಸಾಕು."

ಅದು ಇನೆ ಅಜ್ಜಿಯ ಧ್ವನಿ.

ಫುಸಾ ಕೈಯಲ್ಲಿದ್ದ ಕಟ್ಟಿಗೆಯನ್ನು ಒಲೆಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ. ಬೆನ್ನಿಗೆ ಹಿಮ, ಎದುರಿಗೆ ಬೆಂಕಿ, ಆದರೂ ಕಿವಿಯ ಬುಡದಿಂದ ಕತ್ತಿನವರೆಗೆ ಸುಟ್ಟ ಹಾಗಾಯಿತು. ಆಮೇಲೆ ತಿಳಿಯಿತು, ಇನೆ ಅಜ್ಜಿ ಮಧ್ಯಾಹ್ನದಿಂದ ಚಳಿ ಹತ್ತಿ ನಡುಗುತ್ತಿದ್ದಳಂತೆ, ತೊಕುವೇ "ಇವತ್ತು ನನ್ನ ಸರದೀಲಿ ನೀನು ಇಳಿ, ನನ್ನ ಬೆನ್ನು ಎಲ್ಲಿ ಓಡಿಹೋಗುತ್ತೆ" ಎಂದು ಮುಂಬಾಗಿಲಿನಿಂದ ಅವಳನ್ನು ಕಳಿಸಿದ್ದಳು, ಫುಸಾ ಸೌದೆಗೆ ಹೋಗಿದ್ದಾಗ.

ಇನೆ ಅಜ್ಜಿ ಬೇಗನೆ ಎದ್ದು ಬಂದಳು. ಎಂದಿನಂತೆ ಬೆಂಕಿಯ ಹತ್ತಿರ ಕೂತಳು. ಚಹಾ ಕುಡಿದಳು. ಮೂಲಂಗಿಯ ಒಂದೇ ಹೋಳು ತಿಂದು, "ಉಪ್ಪು ಚೆನ್ನಾಗಿ ಹಿಡಿದಿದೆ, ಫುಸಾ" ಎಂದಳು. ಹೊರಡುವಾಗ ಹೊಸ್ತಿಲ ಬಳಿ ಬಗ್ಗಿ ನಮಸ್ಕರಿಸಿದಳು. ಎಂದಿಗಿಂತ ತುಸು ಹೆಚ್ಚೇ ಬಗ್ಗಿದಳು. ಫುಸಾ ಕಣ್ಣೆತ್ತಲಾಗದೆ ಮುದುಕಿಯ ಹುಲ್ಲಿನ ಮೆಟ್ಟುಗಳನ್ನು ಬೆಂಕಿಯ ಕಡೆ ತಿರುಗಿಸಿ ಬೆಚ್ಚಗೆ ಮಾಡಿಕೊಟ್ಟಳು. ಅಷ್ಟು ಮಾಡಲು ಅವಳಿಗೆ ಧೈರ್ಯ ಬಂತು, ಬಾಯಿಗೆ ಬರಲಿಲ್ಲ.

ತೊಕು ಮೀಯಲು ಏಳುವ ಮೊದಲು ಫುಸಾ ಬಚ್ಚಲಿಗೆ ಹೋದಳು. ಇನೆ ಅಜ್ಜಿ ಕೂತಿದ್ದ ಮೂಲೆಯ ಹಲಗೆಯನ್ನು ಯಾರೋ ತಿಕ್ಕಿ ತೊಳೆದಿದ್ದರು. ಒಂದು ಕೂದಲೆಳೆಯೂ ಇರಲಿಲ್ಲ. ಚೊಂಬನ್ನು ಮಗುಚಿ, ಕೂರುವ ಮಣೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು.

ಮುಂದಿನ ಸಲ ನೀರು ಕಾಯಿಸಿದಾಗ ತೊಕು ಬೇಲಿಯ ಬಳಿ ಹೋಗಿ ಕೂಗಿದಳು. ಇನೆ ಅಜ್ಜಿ ಕಿಟಕಿಯಿಂದಲೇ, "ಕೆಮ್ಮು ಕಣೇ, ಗಾಳಿಗೆ ಹೊರಬರಬಾರದು" ಎಂದಳು. ಅದರ ಮುಂದಿನ ಸಲ ಹಲ್ಲುನೋವು. ಆಮೇಲೆ ಕಾಲಿನ ಗಂಟು.

"ಕಾಲುನೋವಿಗೆ ಬಿಸಿನೀರಿಗಿಂತ ಔಷಧ ಬೇಕಾ ಇವಳಿಗೆ?" ತೊಕು ಬೆಂಕಿಯ ಪಕ್ಕ ಒಬ್ಬಳೇ ಕೂತು ಗೊಣಗಿದಳು. "ನನ್ನ ಬೆನ್ನು ಉಜ್ಜೋ ಕಷ್ಟಕ್ಕೆ ಹೆದರಿದ್ಲು ಅಂತ ಕಾಣುತ್ತೆ. ಮುದುಕಿ ಸೋಮಾರಿ ಆಗಿದಾಳೆ."

"ನಾನು ಉಜ್ಜಿಕೊಡ್ತೀನಿ ಅತ್ತೆ," ಎಂದಳು ಫುಸಾ.

"ನೀನು ಪಾತ್ರೆ ಉಜ್ಜಿದ ಹಾಗೆ ಉಜ್ಜುತ್ತೀಯ. ಅವಳ ಕೈ ಬೇರೆ."

ಮಸಾಜಿ ಚಹಾ ಕುಡಿದ. ಮಕ್ಕಳು ಕತೆಯಿಲ್ಲದೆ ಮಲಗಿದವು. ಮೂಲಂಗಿ ಕಡಿಯುವ ಸದ್ದು ಒಂದೇ ಬಾಯಿಯಿಂದ ಬಂದರೆ ಅಷ್ಟು ಬೇಸರ ಹುಟ್ಟಿಸುತ್ತದೆಂದು ಫುಸಾಳಿಗೆ ಗೊತ್ತಿರಲಿಲ್ಲ. ಹೇಳಿಬಿಡಲೇ ಎಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಅತ್ತೆ ಬಯ್ದರೆ ಸಹಿಸಬಹುದಿತ್ತು. ಆದರೆ ಆ ಮಾತನ್ನು ಇನ್ನೊಂದು ಸಲ ಬಾಯಿಬಿಟ್ಟು ಹೇಳಬೇಕಲ್ಲ, ಗಂಡನ ಜೊತೆ ಅದನ್ನೂ ಸುಟ್ಟುಬಿಟ್ಲಾ ಎಂದಿದ್ದೆ ಎಂದು. ಅದು ಆಗಲಿಲ್ಲ.

ಆ ರಾತ್ರಿಗಳಲ್ಲಿ ಅವಳ ಸರದಿಗೆ ನೀರು ಎದೆಯವರೆಗೆ ಇರುತ್ತಿತ್ತು. ಬಿಸಿಯೂ ಇರುತ್ತಿತ್ತು. ತಿಳಿಯಾಗಿ, ತಳದ ತಗಡಿನ ಗೀರುಗಳು ಕಾಣುವಷ್ಟು ತಿಳಿಯಾಗಿ. ತಾನು ಬಯಸಿದ್ದು ಇದೇ ಅಲ್ಲವೇ. ಫುಸಾ ಇಳಿದು, ಕೂರಲಾರದೆ, ಬೇಗನೆ ಎದ್ದುಬಿಡುತ್ತಿದ್ದಳು. "ಅಪ್ಪಾ" ಎಂಬ ಉಸಿರು ಹೊರಡುತ್ತಿರಲಿಲ್ಲ.

ಮಸಾಜಿ ಇದ್ದಿಲು ಸುಡಲು ಬೆಟ್ಟಕ್ಕೆ ಹೋದ ದಿನ ಫುಸಾ ಗಟ್ಟಿಮನಸ್ಸು ಮಾಡಿ ಇನೆ ಅಜ್ಜಿಯ ಮನೆಗೆ ಹೋದಳು. ಬಾಗಿಲು ಸರಿಸಿದರೆ ಮುದುಕಿ ಅನ್ನದ ಪಾತ್ರೆಯಲ್ಲಿ ನೀರು ಕಾಯಿಸಿ, ಬಟ್ಟೆ ಅದ್ದಿ ಕತ್ತು ಒರೆಸಿಕೊಳ್ಳುತ್ತಿದ್ದಳು. ಪಾತ್ರೆ ಚಿಕ್ಕದು. ಒಂದು ಕೈ ಒರೆಸುವಷ್ಟರಲ್ಲಿ ನೀರು ತಣ್ಣಗಾಗುವಂಥದು. ಫುಸಾಳನ್ನು ಕಂಡು ಅವಳು ಬಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು, ಕದ್ದು ಸಿಕ್ಕಿಬಿದ್ದವಳ ಹಾಗೆ. ನಾಚಿಕೆ ಪಡಬೇಕಾದವಳು ತಾನು, ಪಡುತ್ತಿರುವವಳು ಅವಳು. ಫುಸಾ ಬಾಗಿಲಲ್ಲೇ ಮಂಡಿಯೂರಿದಳು.

"ಅಜ್ಜಿ, ನೀರು ಕಾಯಿಸಿದೀನಿ. ಇವತ್ತು ನೀವು ಬರಲೇಬೇಕು. ನೀವೇ ಮೊದಲು ಇಳೀಬೇಕು. ಯಾರೂ ಮುಟ್ಟದ ನೀರು."

ಇನೆ ಅಜ್ಜಿ ಅವಳನ್ನು ನೋಡಿದಳು. ಆಮೇಲೆ ಮುಂದಿನ ಹಲ್ಲು ಬಿದ್ದ ಬಾಯಿಂದ ನಕ್ಕಳು.

"ನನ್ನೇನು ದಿಬ್ಬಣದಲ್ಲಿ ಬಂದ ಮದುಮಗಳು ಅಂದ್ಕೊಂಡೆಯಾ? ಮೊದಲ ನೀರು ಮುದುಕರ ಮೈಗೆ ಆಗಲ್ಲ, ಹುಡುಗಿ. ಸೂಜಿ ಚುಚ್ಚಿದ ಹಾಗೆ ಚುಚ್ಚುತ್ತೆ. ನಿಮ್ಮತ್ತೆ ಯಾಕೆ ಮಸಾಜಿ ಎದ್ದಮೇಲೇ ಇಳಿಯೋದು? ಮರ್ಯಾದೆಗೆ ಅಂದ್ಕೊಂಡೆಯಾ? ನಾಲ್ಕು ಜನ ಇಳಿದ ಮೇಲೆ ನೀರು ಮೆತ್ತಗಾಗುತ್ತೆ. ಅದು ನನಗೆ ಇಷ್ಟ."

ಫುಸಾಳ ತಲೆ ಇನ್ನೂ ಕೆಳಗಾಯಿತು. ತಪ್ಪನ್ನು ಮುಚ್ಚಲು ತಂದ ಉಡುಗೊರೆಯೂ ಚುಚ್ಚುವಂಥದೇ ಆಗಿತ್ತು. "ಹಾಗಾದ್ರೆ ನಿಮಗೆ ಬೇಕಾದ ಹೊತ್ತಿಗೆ ಇಳೀರಿ. ಬನ್ನಿ ಅಷ್ಟೇ. ಅತ್ತೆಗೆ ಊಟ ಸೇರ್ತಿಲ್ಲ."

"ತೊಕುಗೆ ಊಟ ಸೇರ್ತಿಲ್ಲವಾ? ಲೋಕ ಮುಳುಗಿತು ಬಿಡು." ಇನೆ ಅಜ್ಜಿ ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಬರ್ತೀನಿ. ಆದ್ರೆ ಇವತ್ತು ಉರಿ ನಾನು ಹಾಕ್ತೀನಿ. ಮೊದಲು ನೀನು ಇಳೀಬೇಕು."

"ಅಯ್ಯೋ, ಸೊಸೆ ಮೊದಲು ಇಳಿಯೋದಾ?"

"ಮಸಾಜಿ ಬೆಟ್ಟದಲ್ಲಿದಾನೆ. ಒಪ್ಪೋದಾದ್ರೆ ಬರ್ತೀನಿ, ಇಲ್ಲ ಅಂದ್ರೆ ನನಗೆ ಕಾಲಿನ ಗಂಟು ನೋವು."

ತೊಕು ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. "ಇಳಿ ಮಹಾತಾಯಿ, ಇಳಿ. ಊರವರ ಕಿವಿಗೆ ಬಿದ್ರೆ ನನಗೆ ಅರಳುಮರಳು ಅಂತಾರೆ. ಬಾಗಿಲು ಭದ್ರ ಮಾಡ್ಕೋ."

ಹೀಗೆ ಫುಸಾ ಮದುವೆಯಾಗಿ ಬಂದ ಮೇಲೆ ಮೊದಲ ಸಲ ಮೊದಲ ನೀರಿಗೆ ಇಳಿದಳು. ಇನೆ ಅಜ್ಜಿ ಹೇಳಿದ್ದು ನಿಜವಾಗಿತ್ತು. ನೀರು ಮೈಯನ್ನು ಚುರುಚುರು ಚುಚ್ಚಿತು. ಹಲಗೆಯ ಆಚೆ ಪುರಲೆ ಮುರಿಯುವ ಸದ್ದು, ಮುದುಕಿ ಒಮ್ಮೆ ಕೆಮ್ಮಿದ ಸದ್ದು, ಅವಳು ಮೂಗು ಎಳೆದುಕೊಂಡದ್ದು ಕೂಡ ಕಿವಿಯ ಪಕ್ಕದಲ್ಲೇ ಆದಂತೆ ಕೇಳಿತು. ಅಷ್ಟು ತೆಳುವಾಗಿತ್ತು ಆ ಹಲಗೆ. ತನ್ನ ಮಾತು ಒಳಗೆ ಹೇಗೆ ಕೇಳಿಸಿರಬೇಕೆಂದು ಫುಸಾಳಿಗೆ ಆಗ ತಿಳಿಯಿತು. ಬಟ್ಟೆಯಿಲ್ಲದೆ, ಓಡಲು ದಾರಿಯಿಲ್ಲದೆ, ನೀರಿನಲ್ಲಿ ಮಂಡಿ ಮಡಚಿ ಕೂತವರಿಗೆ.

ಇನೆ ಅಜ್ಜಿ ಉರಿಯ ಜೊತೆ ಮಾತಾಡುವವಳ ಹಾಗೆ ಹೇಳತೊಡಗಿದಳು.

"ಈ ದೇವದಾರು ಚೆನ್ನಾಗಿ ಉರಿಯುತ್ತೆ. ನಮ್ಮ ತೊಟ್ಟೀದೂ ದೇವದಾರು ಹಲಗೇನೇ. ನಮ್ಮವರು ಹಾಸಿಗೆ ಹಿಡಿದ ವರ್ಷ ಹಿಮ ಬಾಗಿಲವರೆಗೆ ಬಂದಿತ್ತು, ಸೌದೆ ಮುಗಿದುಹೋಗಿತ್ತು. ಚಳಿ ಚಳಿ ಅಂತಿದ್ರು. ಕೊಡಲಿ ತಗೊಂಡು ನಾನೇ ತೊಟ್ಟಿ ಒಡೆದೆ. ದಿನಕ್ಕೆ ಒಂದೊಂದೇ ಹಲಗೆ ಹಾಕ್ತಿದ್ದೆ. ಕೊನೇ ಹಲಗೆ ಉರೀತಿದ್ದಾಗ, ಇವತ್ತು ಬೆಚ್ಚಗಿದೆ ಇನೇ, ಅಂದ್ರು." ಅವಳು ಒಂದು ಕಟ್ಟಿಗೆಯನ್ನು ಒಳಗೆ ತಳ್ಳಿದಳು. "ಯಾರಿಗೂ ಹೇಳಿರ್ಲಿಲ್ಲ. ನಿಮ್ಮತ್ತೆಗೂ. ನೀನು ಹೇಗೋ ಸರಿಯಾಗೇ ಊಹಿಸಿದೆ."

ಫುಸಾ ಬಾಯಿಗೆ ಕೈ ಅಡ್ಡ ಹಿಡಿದಳು. ಕೈ ಒದ್ದೆ, ಮುಖ ಒದ್ದೆ. "ಅಜ್ಜೀ, ಅವತ್ತು ನಾನು..." ಎಂದಳು.

"ನೀರು ಹೇಗಿದೆ?" ಎಂದಳು ಇನೆ ಅಜ್ಜಿ ಹೊರಗಿನಿಂದ.

"ಅಜ್ಜೀ, ನಾನು ಅತ್ತೆ ಅಂದ್ಕೊಂಡು..."

"ಒಳಗಿರೋದು ನಾನಲ್ಲ ಅಂದ್ಕೊಂಡೆ ನೀನು. ನನಗದು ಗೊತ್ತು. ಅದಕ್ಕೇ ಅದು ನಿಜವಾದ ಮಾತಾಗಿತ್ತು." ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀರು ಹೇಗಿದೆ ಹೇಳು. ಚಳೀಲಿ ಕೂತಿದೀನಿ ನಾನು."

ನೀರು ಚುಚ್ಚುತ್ತಿತ್ತು, ಸುಡುತ್ತಲೂ ಇತ್ತು. ಫುಸಾ "ಹದವಾಗಿದೆ" ಎಂದಳು. "ಉರಿ ಸಾಕು."

ಆಮೇಲೆ ಮಕ್ಕಳು ಮಿಂದವು, ತೊಕು ಮಿಂದಳು, ಅವಳ ಬೆನ್ನಿಗೆ ಇನೆ ಅಜ್ಜಿಯ ಕೈ ಸಿಕ್ಕಿತು. "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಎಂದು ತೊಕು ಬಯ್ಯುವುದು ಹೊರಗೆ ಒಲೆಯ ಬಾಯಲ್ಲಿ ಕೂತ ಫುಸಾಳಿಗೆ ಕೇಳಿತು. ಕಡೆಗೆ ಇನೆ ಅಜ್ಜಿ ಒಬ್ಬಳೇ ತೊಟ್ಟಿಗೆ ಇಳಿದಳು. ನೀರು ತುಳುಕಿತು.

ಫುಸಾ ಒಂದು ಕಟ್ಟಿಗೆ ಹಿಡಿದು ಕಾದಳು. ಮೊದಲು ಹೆಸರು ಹಿಡಿದು ಕರೆದಳು. "ಇನೆ ಅಜ್ಜಿ, ನೀವೇ ತಾನೆ?"

"ನಾನೇ."

"ನೀರು ಹೇಗಿದೆ?"

ಒಳಗಿನಿಂದ ಉತ್ತರ ಬಂತು. "ಹದವಾಗಿದೆ."

ಅಂದು ಹೇಳಿದ ಮಾತೇ, ಅದೇ ಧ್ವನಿ, ಅಷ್ಟೇ ಮೆತ್ತಗೆ. ಫುಸಾ ಗೋಡೆಗೆ ಕಿವಿ ಕೊಟ್ಟು ಇನ್ನೊಂದು ಸದ್ದಿಗಾಗಿ ಕೂತಳು. "ಅಪ್ಪಾ" ಎಂಬ ಉಸಿರು ಬಂದರೆ ನೀರು ನಿಜಕ್ಕೂ ಹದವಾಗಿದೆ ಎಂದು ನಂಬಬಹುದಿತ್ತು. ಒಳಗೆ ನೀರಿನ ಸದ್ದಿತ್ತು, ಒಲೆಯಲ್ಲಿ ಕಟ್ಟಿಗೆ ಸಿಡಿಯುತ್ತಿತ್ತು. ಉಸಿರು ಬಂತೋ, ಸಿಡಿತದಲ್ಲಿ ಮುಳುಗಿತೋ, ಅವಳಿಗೆ ತಿಳಿಯಲಿಲ್ಲ.

ಇನೆ ಅಜ್ಜಿ ಆಮೇಲೆ ಬದುಕಿದ್ದಷ್ಟು ಕಾಲವೂ ಬಂದಳು, ಮೂಲಂಗಿ ತಂದಳು, ನಕ್ಕಳು. ಫುಸಾ ಮಾತ್ರ ತಾನೇ ಅಜ್ಜಿಯಾದ ಮೇಲೂ ಒಲೆಯ ಬಾಯಿಗೆ ಹೋದಾಗಲೆಲ್ಲ, ಒಳಗೆ ಮೊಮ್ಮಗಳು ಹಾಡುತ್ತಿರುವುದು ಕಿವಿಗೆ ಬೀಳುತ್ತಿದ್ದರೂ, ಮೊದಲು ಕೇಳುತ್ತಿದ್ದಳು:

"ಒಳಗೆ ಯಾರು?"