ಜಾಗದ ದೋಷವಲ್ಲ, ದೌಲಪ್ಪ ಕಾಕಾ

ಕಮಲಾಪುರದ ದೌಲಪ್ಪನ ಮನೆತನದಲ್ಲಿ ಒಂದು ರೂಢಿ. ಯಾರು ಎಲ್ಲಿ ಬಿದ್ದು ಸತ್ತರೋ ಆ ಜಾಗವನ್ನೇ ಬಿಟ್ಟುಬಿಡುವುದು. ಅಪ್ಪ ಮೂವತ್ತೆಂಟಕ್ಕೆ ಬಾವಿಯ ಮೆಟ್ಟಿಲ ಮೇಲೆ ಕುಸಿದ, ಬಾವಿ ಮುಚ್ಚಿಸಿದರು. ತಮ್ಮ ಅಣವೀರಪ್ಪ ಮೂವತ್ತಕ್ಕೆ ಬಾಳೆಗೊನೆ ಹೊತ್ತವನು ಹಾಗೇ ಉರುಳಿದ, ತೋಟ ಮಾರಿದರು. ಈಗ ಮಗ ನೀಲಕಂಠ, ಪೊಲೀಸ್ ಭರ್ತಿಗೆಂದು ದಿನಾ ಓಡುತ್ತಿದ್ದವನು, ಓಡುತ್ತ ಬಂದು ಮನೆಯಂಗಳದಲ್ಲೇ ಎಚ್ಚರ ತಪ್ಪಿ ಬಿದ್ದ. ಶಿವನ ದಯೆ, ಎದ್ದು ಕೂತ. ದೌಲಪ್ಪ ಗಂಟುಮೂಟೆ ಕಟ್ಟತೊಡಗಿದ.

ಆಶಾ ಕಾರ್ಯಕರ್ತೆ ವಿದ್ಯಾವತಿಗೆ ತಲೆ ಚಿಟ್ಟು ಹಿಡಿಯಿತು. ನೀಲಕಂಠನ ಎದೆ ಪರೀಕ್ಷೆ ಮಾಡಿಸಿರೆಂದು ಹೇಳಲು ಆಕೆ ಬಂದದ್ದು ಇದು ನಾಲ್ಕನೆಯ ಸಲ.

“ಎಲ್ಲಿಗಿ ಹೊಂಟೀರಿ ಕಾಕಾ?”

“ಕುಸನೂರಿಗವ್ವ. ಈ ಜಾಗ ನಮಗ ಆಗಿ ಬರಂಗಿಲ್ಲ.”

“ಅಲ್ಲಿ ಬಿದ್ರ ಮುಂದ ಎಲ್ಲಿಗಿ? ಜಾಗ ಬಿಟ್ಟು ಹೋಗ್ತೀರಿ, ಎದಿ ಬಿಟ್ಟು ಹೋಗ್ತೀರೇನ್ರಿ?”

“ಹುಡುಗ ಕಬ್ಬಿಣದಂಗ ಅದಾನ. ಅಂವಗೇನು ರೋಗ?”

“ಅಣವೀರಪ್ಪ ಕಾಕಾನೂ ಹಂಗೇ ಇದ್ರಲ್ರಿ! ಹೃದಯದ ಸ್ನಾಯು ದಪ್ಪ ಆಗೋ ರೋಗ ಕೆಲವು ಮನೆತನದಾಗ ಹುಟ್ಟಿನಿಂದಲೇ ಬರ್ತದ. ಮ್ಯಾಲ ಏನೂ ಕಾಣಂಗಿಲ್ಲ. ಓಡುವಾಗ, ಭಾರ ಎತ್ತುವಾಗ ಬಡಿತ ತಪ್ಪಿ ಜೀವ ಹೋಗ್ತದ.”

“ಶರಣಬಸಪ್ಪ ದೇವರು ನೋಡ್ಕೋತಾನ ಬಿಡು.”

“ನೋಡ್ಕೊಂಡೇ ಹುಡುಗನ್ನ ಎಬ್ಬಿಸಿ ಕೂಡಿಸ್ಯಾನ. ಇನ್ನ ದವಾಖಾನಿಗೂ ಅಂವಾನೇ ಹೊತ್ಕೊಂಡು ಹೋಗ್ಬೇಕೇನ್ರಿ?”

ಒಲೆಯ ಮುಂದಿದ್ದ ದೌಲಪ್ಪನ ಹೆಂಡತಿ ವಿಮಲಾಬಾಯಿ ಸೆರಗು ಸಿಕ್ಕಿಸಿ ಎದ್ದಳು. “ಗಂಟು ಬಿಚ್ರಿ. ಈ ಮನೆತನದಾಗ ಎರಡು ಹೆಣ ಬಿದ್ದಾವ. ನನ್ನ ಮಗಂದು ನೋಡಂಗಿಲ್ಲ.”

ಮರುದಿನ ಕಲಬುರಗಿಯ ಆಸ್ಪತ್ರೆಯಲ್ಲಿ ಇಸಿಜಿ, ಎಕೋ ಆಯಿತು. ನೀಲಕಂಠನ ಹೃದಯದ ಸ್ನಾಯು ದಪ್ಪವಾಗಿತ್ತು. ವೈದ್ಯರು ಓಟ ನಿಲ್ಲಿಸಿ ಗುಳಿಗೆ ಬರೆದರು. ಅಪಾಯ ಹೆಚ್ಚಿದ್ದರೆ ಬಡಿತ ತಪ್ಪಿದಾಗ ಸರಿಪಡಿಸುವ ಸಾಧನವನ್ನು ಎದೆಯಲ್ಲಿ ಕೂಡಿಸಬಹುದು ಎಂದರು. ಹುಡುಗನ ಮುಖ ಇಳಿಯಿತು. ಆಮೇಲೆ ಅವರು ದೌಲಪ್ಪನ ಕಡೆ ತಿರುಗಿದರು.

“ನೀವೂ ಅಂಗಿ ಬಿಚ್ಚಿ ಮಲಗ್ರಿ.”

“ನಾನಾ? ನನಗೇನಾಗ್ಯಾದ್ರಿ?”

ಜೊತೆಗೆ ಬಂದಿದ್ದ ವಿದ್ಯಾವತಿ ಹಣೆ ಚಚ್ಚಿಕೊಂಡಳು. “ನಿಮ್ಮಪ್ಪನ ರೋಗ ಮೊಮ್ಮಗನಿಗಿ ಹಾರಿ ಬಂತೇನ್ರಿ ಕಾಕಾ? ನಡುವ ನೀವು ಇಲ್ಲೇನು?”

ದೌಲಪ್ಪ ಒಂದು ಗಳಿಗೆ ಮಗನನ್ನೇ ನೋಡಿದ. ಅಂಗಿಯ ಗುಂಡಿ ಬಿಚ್ಚಿದ.

ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಏಕಾಏಕಿ ತೀರಿಕೊಂಡಿದ್ದಾರೆಯೇ? ಓಡುವಾಗ, ದುಡಿಯುವಾಗ ಯಾರಿಗಾದರೂ ಎಚ್ಚರ ತಪ್ಪುತ್ತದೆಯೇ, ಎದೆ ನೋಯುತ್ತದೆಯೇ? ಇಂದೇ ವೈದ್ಯರಿಗೆ ಹೇಳಿ. ಒಬ್ಬರಿಗೆ ಈ ರೋಗ ಕಂಡರೆ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಪರೀಕ್ಷೆ ಮಾಡಿಸಿ. ಯಾರಾದರೂ ಕುಸಿದು ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವ ತನಕ ಎದೆಯ ನಡುವೆ ಜೋರಾಗಿ, ಬೇಗಬೇಗನೆ ಒತ್ತುತ್ತಿರಿ. ದೇವರು ಕೊಟ್ಟ ಜೀವ. ಕಾಯುವ ಕೈಗಳು ನಮ್ಮವು.