ಚರಗಿಯ ಕಡೆಗೆ ಚೆಂಡು

ಮಯೂರಿ ಬಂದು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಶನಿವಾರ ಬಸವಕಲ್ಯಾಣದಲ್ಲಿ ಮಕ್ಕಳ ಗಾಲ್ಫ್ ಸ್ಪರ್ಧೆ. ಪ್ರತಿ ಮಗುವಿನ ಜೊತೆ ತಂದೆ ಅಥವಾ ತಾಯಿ ಆಡಬೇಕು.

"ನಿಮ್ಮಪ್ಪಗ ರಜಾ ಸಿಗಂಗಿಲ್ಲ. ನಾ ಬರ್ತೇನಿ," ಎಂದೆ.

"ನೀ ಬ್ಯಾಡವ್ವ. ನಿನಗ ಹೊಡ್ಯಾಕ ಬರಂಗಿಲ್ಲ, ಮಂದಿ ನಗ್ತಾರ."

ಹನ್ನೊಂದು ವರ್ಷದ ಹುಡುಗಿ, ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಳು. ನನಗೆ ಮಾತ್ರ ಅವಳ ಪಕ್ಕದಲ್ಲಿ ನಿಲ್ಲಬೇಕೆಂದು ತುಂಬಾ ಆಸೆಯಾಯಿತು.

ಹುಮನಾಬಾದಿನ ಅವಳ ಶಾಲೆಗೆ ಯಾರೋ ಎಂಟು ಗಾಲ್ಫ್ ಕೋಲು ದಾನ ಕೊಟ್ಟಿದ್ದಾರೆ. ಎರಡನೇ ತರಗತಿಯಿಂದ ಅವಳು ಅವನ್ನು ಹಿಡಿದಿದ್ದಾಳೆ. ಘಾಟಬೋರಾಳದ ನಮ್ಮ ಅಂಗಳದಲ್ಲಿ ಮುರಿದ ಕೊಡೆಯೇ ಕೋಲು, ಅಡ್ಡ ಮಲಗಿಸಿದ ನೀರಿನ ಚರಗಿಯೇ ಕುಳಿ. ಮಾತಾಡುತ್ತಲೇ ಹೊಡೆಯುತ್ತಾಳೆ. ತಪ್ಪಿದರೆ ಓಡಿಹೋಗಿ ಚೆಂಡು ತರುತ್ತಾಳೆ, ಅಷ್ಟೇ.

"ಇನ್ನ ಐದ ದಿನ ಅದ. ಕಲಸು," ಎಂದೆ.

ಮೊದಲ ಹೊಡೆತಕ್ಕೆ ಚೆಂಡು ದನದ ಗೋದಲಿಗೆ ಹಾರಿತು.

"ಅವ್ವಾ, ತೊಗರಿ ಬಡ್ಯಾಕತ್ತಿ ಏನ? ತೊಟ್ಟಲಾ ತೂಗಿದಂಗ ತೂಗು."

"ನಿನ್ನ ತೊಟ್ಟಲಾ ತೂಗಿದಾಕಿ ನಾನ. ನನಗ ಹೇಳ್ತಿ?"

ನಕ್ಕಳು. ಆದರೆ ನನ್ನ ಕೈ ಮಾತು ಕೇಳಲಿಲ್ಲ. ಕೋಲು ಎತ್ತುವ ಮೊದಲೇ ತಲೆಯಲ್ಲಿ ಒಲೆಯ ಮೇಲಿನ ಬೇಳೆ, ಗೋಡೆಯಾಚೆಯಿಂದ ಇಣುಕುವ ಸುಮನಬಾಯಿ.

"ರೂಪಾಲಿ, ಈ ವಯಸ್ಸಿನಾಗ ಗೋಲಿ ಆಡ್ತಿಯಾ?"

"ಹೌದ್ರಿ ಅಕ್ಕಾ, ನೀವೂ ಬರ್ರಿ."

ಐದನೇ ದಿನ ಹತ್ತು ಹೊಡೆತಕ್ಕೆ ಮೂರು ಚೆಂಡು ಚರಗಿಯೊಳಗೆ ಹೋದವು. ಉಳಿದವೆಲ್ಲ ಕೊನೆಯಲ್ಲಿ ತುಳಸಿಕಟ್ಟೆಯ ಕಡೆ ಬಾಗಿದವು. ಮುಂಜಾನೆ ನಾನು ಅಂಗಳಕ್ಕೆ ಹಾಕುವ ನೀರೂ ಅತ್ತಲೇ ಹರಿಯುತ್ತದೆ.

"ಮಯೂ, ನೀರ ಹರ್ಯೋದು ನೋಡಿ ಹೊಡೀಬೇಕ ನೋಡು."

"ಸುಮ್ನಿರವ್ವ, ನನಗ ಗೊತ್ತದ. ನಾಳಿ ಬಾ, ಆದ್ರ ಭಾಳ ಮಾತಾಡಬ್ಯಾಡ."

ಬಸವಕಲ್ಯಾಣದ ಮೈದಾನಕ್ಕೆ ಬೆಳಿಗ್ಗೆ ನೀರು ಬಿಟ್ಟಿದ್ದರು. ಪ್ರತಿ ಜೋಡಿಗೆ ಒಂದೇ ಗೆರೆಯಿಂದ ನಾಲ್ಕು ಹೊಡೆತ, ಒಬ್ಬರ ನಂತರ ಒಬ್ಬರು; ಚೆಂಡು ಕುಳಿಗೆ ಹತ್ತಿರವಾದಷ್ಟೂ ಹೆಚ್ಚು ಅಂಕ. ನನ್ನ ಮೊದಲ ಚೆಂಡು ಕುಳಿಗೆ ಮೊಳದಷ್ಟು ಮುಂಚೆಯೇ ನಿಂತಿತು. ಹಿಂದೆ ಯಾರೋ ನಕ್ಕರು. ಮಯೂರಿ ನನ್ನ ಕಡೆ ನೋಡಲಿಲ್ಲ. ಅವಳು ಹೊಡೆದ ಚೆಂಡು ಬಲಕ್ಕೆ ಬಾಗಿ ಕುಳಿ ದಾಟಿಹೋಯಿತು. ಅವಳ ಮುಖ ಸಣ್ಣದಾಯಿತು.

ನಾನು ನೆಲ ನೋಡಿದೆ. ಒಣಹುಲ್ಲಿನ ಚೂರುಗಳೆಲ್ಲ ನೀರಿನೊಂದಿಗೆ ಬಲಕ್ಕೆ ಹೋಗಿ ಸಾಲಾಗಿ ನಿಂತಿದ್ದವು. ಎಡಕ್ಕೆ ಸರಿದು, ತೊಟ್ಟಿಲು ತೂಗಿದಷ್ಟೇ ಮೆಲ್ಲಗೆ ಹೊಡೆದೆ. ಚೆಂಡು ಸುತ್ತಿಕೊಂಡು ಬಂದು ಕುಳಿಯಿಂದ ಗೇಣು ದೂರದಲ್ಲಿ ನಿಂತಿತು. ಈ ಸಲ ಯಾರೂ ನಗಲಿಲ್ಲ.

ಕೊನೆಯ ಹೊಡೆತ ಮಯೂರಿಯದು. ಕೋಲು ಹಿಡಿದವಳು ಹಾಗೇ ನನ್ನ ಹತ್ತಿರ ಬಂದಳು.

"ಅವ್ವಾ, ನೀರ ಎಲ್ಲಿಂದ ತಿರಗ್ಯದ?"

ಕಾಲಿನ ಹೆಬ್ಬೆರಳಿಂದ ತೋರಿಸಿದೆ. ಅವಳು ಹೊಡೆದಳು. ಚೆಂಡು ಒಳಗೆ ಹೋಯಿತು.

ನಾವು ನಾಲ್ಕನೆಯವರಾದೆವು, ಬಹುಮಾನ ಮೂವರಿಗೇ ಇತ್ತು. ಆಟ ಕಲಿಸುವ ಮಹಜಬೀನ್ ಮೇಡಂ ಹೆಸರು ಬರೆಯುವ ವಹಿ ತೆರೆದು ಕೇಳಿದರು: "ಮುಂದಿನ ಸಲ ನಿನ್ನ ಜೋಡಿ ಅಪ್ಪನ ಹೆಸರ ಬರೀಲೇನ?"

"ಬ್ಯಾಡ್ರಿ ಮೇಡಂ," ಎಂದಳು ಮಯೂರಿ. "ರೂಪಾಲಿ ಅಂತ ಬರೀರಿ. ಅವ್ವಗ ಹೊಡ್ಯಾಕ ಇನ್ನಾ ಕಲಸಬೇಕು, ಕಲಸ್ತೇನಿ."