ಒಳಗಿನದೆಲ್ಲ ಅಪ್ಪನದೇ

ಸ್ಪರ್ಧೆ ಮುಗಿದ ಮೇಲೆ ಗೆದ್ದವರ ಖಾಲಿ ರಿವಾಲ್ವರಿನ ನಳಿಗೆಯನ್ನು ಆಕಾಶಕ್ಕೆ ಮಾಡಿ ಹಿಡಿದು, ಟ್ರಿಗರಿಗೆ ಕೊಕ್ಕೆಯಿಂದ ಹಿತ್ತಾಳೆಯ ತೂಕದ ಬಟ್ಟು ನೇತುಹಾಕಿ ಮೆಲ್ಲಗೆ ಎತ್ತುತ್ತಿದ್ದರು. ಬಟ್ಟು ಮೇಜು ಬಿಟ್ಟು ಮೇಲೆದ್ದರೆ ಸರಿ. ಅದಕ್ಕೆ ಮೊದಲೇ ಟಕ್ ಎಂದರೆ ಟ್ರಿಗರನ್ನು ನಿಯಮ ಮೀರಿ ಹಗುರ ಮಾಡಿಸಿದ್ದಾರೆಂದು ಅರ್ಥ. ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ಶೂಟಿಂಗ್ ಕ್ಲಬ್ಬಿನ ಅಂಗಳದಲ್ಲಿ, ಊರಿನವರೆಲ್ಲರ ಎದುರು, ಅಪ್ಪನ ರಿವಾಲ್ವರ್ ಟಕ್ ಎಂದಿತು.

ಬಟ್ಟು ನೇತುಹಾಕಿದವರು ಕ್ಲಬ್ಬಿನ ಕಾರ್ಯದರ್ಶಿ ಮೇದಪ್ಪ. ಅಪ್ಪನ ಜೊತೆ ಇಪ್ಪತ್ತು ವರ್ಷ ಗುರಿ ಹೊಡೆದವರು, ನಮ್ಮ ಮನೆಯಲ್ಲಿ ಉಂಡವರು, ನನ್ನ ಬಾಯಲ್ಲಿ ಮಾವ. ಮೂರು ಸಲ ನೇತುಹಾಕಿದರು, ಮೂರು ಸಲವೂ ಟಕ್. ಅಪ್ಪ ಆವತ್ತು ಗೆದ್ದಿದ್ದ ಬೆಳ್ಳಿಯ ಕಪ್ ಎರಡನೆಯ ಸ್ಥಾನದಲ್ಲಿದ್ದ ಮೇದಪ್ಪನವರ ಮನೆ ಸೇರಿತು.

ಅಮ್ಮ ನಾಚಿಕೆಯಿಂದ ಬೀದಿಗಿಳಿಯುವುದನ್ನೇ ಬಿಟ್ಟರು. ಅಪ್ಪ ಮತ್ತೆ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ನಾಲ್ಕು ವರ್ಷ ಗೋಡೆ ನೋಡುತ್ತಾ ಕೂತು ತೀರಿಕೊಂಡರು. "ಮೇದಪ್ಪ ನನ್ನ ಮಾನ ಕಳೆದ" ಎಂಬುದೊಂದೇ ಅವರ ಮಾತಾಗಿತ್ತು.

ತಾತನಿಂದ ಅಪ್ಪನಿಗೆ ಬಂದಿದ್ದ ಆ ರಿವಾಲ್ವರಿನ ಲೈಸೆನ್ಸು ನನ್ನ ಹೆಸರಿಗಾಗುವ ಹೊತ್ತಿಗೆ ನನಗೆ ಇಪ್ಪತ್ತನಾಲ್ಕು. ಕೈ ನಡುಗದಿರಲೆಂದು ದಿನಾ ಬೆಳಿಗ್ಗೆ ಹಿತ್ತಲಲ್ಲಿ ತೋಳು ಚಾಚಿ ಇಟ್ಟಿಗೆ ಹಿಡಿದು ನಿಲ್ಲುತ್ತಿದ್ದೆ. ಅಲ್ಲಿಂದ ಮೇದಪ್ಪನವರ ಮನೆಯ ಹೆಂಚು ಕಾಣುತ್ತಿತ್ತು. ಅದರಲ್ಲಿ ಒಂದು ಹೆಂಚನ್ನು ಆರಿಸಿಕೊಂಡು, ತೋಳು ಉರಿದು ಕಣ್ಣಲ್ಲಿ ನೀರು ಬರುವವರೆಗೂ ದಿಟ್ಟಿಸುತ್ತಿದ್ದೆ. ಇದೇ ರಿವಾಲ್ವರಿನಿಂದ ಅವರನ್ನು ಸೋಲಿಸಬೇಕು. ಅದೇ ಅಂಗಳದಲ್ಲಿ ಅವರ ತಲೆ ತಗ್ಗಿಸಬೇಕು. ಬೇರೆ ಆಸೆ ನನಗಿರಲಿಲ್ಲ.

ಬಂದೂಕು ರಿಪೇರಿಯ ರಸೂಲ್ ಸಾಹೇಬರ ಬಳಿ ಹೋದೆ. ಅವರು ನನ್ನ ಅಂಗೈ ಅಳೆದು ಬೀಟೆ ಮರದ ಹೊಸ ಹಿಡಿ ಕೆತ್ತಿದರು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಸವೆದ ಮೊನೆಯನ್ನು ತೆಗೆದು ಚೂಪಾದದ್ದನ್ನು ಕೂರಿಸಿದರು.

"ಟ್ರಿಗರ್ ಮಾತ್ರ ಗಟ್ಟಿಯಾಗೇ ಇರಲಿ. ಎರಡು ಬಟ್ಟು ಹಾಕಿದ್ರೂ ಜಗ್ಗಬಾರದು," ಎಂದೆ.

ಸಾಹೇಬರು ರಿವಾಲ್ವರಿನ ಪಕ್ಕದ ತಗಡು ಬಿಚ್ಚಿ, ಒಳಗಿನ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲಿನ ಅರದ ಗೀರುಗಳು ನನಗೂ ಕಂಡವು.

"ಇದನ್ನ ಅರದಲ್ಲಿ ಉಜ್ಜಿ ತೆಳ್ಳಗೆ ಮಾಡಿದ್ದಾರೆ," ಎಂದೆ. "ಮೇದಪ್ಪಂದೇ ಕೆಲಸ. ಸ್ಪರ್ಧೆಯ ಹಿಂದಿನ ದಿನ ಎಲ್ಲರ ಬಂದೂಕೂ ಅವರ ಬೀರುವಿನಲ್ಲೇ ಇತ್ತಲ್ಲ!"

"ಇಲ್ಲಮ್ಮ. ಉಜ್ಜಿದ್ದು ನಾನು."

ನಾನು ಎದ್ದು ನಿಂತೆ.

"ನಿಮ್ಮಪ್ಪಾಜಿ ಹೇಳಿ ಮಾಡಿಸಿದ್ರು. ಅವರ ಬೆರಳ ಗೆಣ್ಣು ಊದಿಕೊಂಡಿತ್ತು, ಟ್ರಿಗರ್ ಎಳೆಯೋಕೆ ಆಗ್ತಿರಲಿಲ್ಲ. ಬೇಡಿ ಯಜಮಾನ್ರೇ, ಸಿಕ್ಕಿಬೀಳ್ತೀರಿ ಅಂದೆ. ಇದೊಂದು ವರ್ಷ ಸಾಹೇಬ್ರೇ, ಆಮೇಲೆ ಬಿಟ್ಟುಬಿಡ್ತೀನಿ ಅಂತ ಕೈ ಹಿಡ್ಕೊಂಡ್ರು. ಮೇದಪ್ಪನವರ ತಪ್ಪು ಏನೂ ಇಲ್ಲಮ್ಮ."

ಅಪ್ಪ ಅನ್ನ ಕಲಸುವಾಗ ಮುಖ ಹಿಂಡುತ್ತಿದ್ದುದು ನೆನಪಾಯಿತು. ನಂಬಿದೆ. ಆದರೆ ಹತ್ತು ವರ್ಷ ಉರಿದದ್ದು ಒಂದು ಮಾತಿಗೆ ಆರಲಿಲ್ಲ. ತಪ್ಪು ಯಾರದೆಂದು ತಿಳಿದ ಮೇಲೂ ನನ್ನ ಕಣ್ಣೆದುರು ಇದ್ದದ್ದು ಮೇದಪ್ಪನವರೊಬ್ಬರೇ.

"ಹೊಸ ಸ್ಪ್ರಿಂಗ್ ಹಾಕಿ," ಎಂದೆ. "ಹಳೇದು ನನಗೆ ಕೊಡಿ." ಕೊಟ್ಟರು. ದಾರಿಯಲ್ಲೇ ಬಾವಿಗೆ ಎಸೆದೆ.

ಆ ವರ್ಷದ ಸ್ಪರ್ಧೆಯಲ್ಲಿ ಕೊನೆಗೆ ಉಳಿದದ್ದು ನಾವಿಬ್ಬರೇ. ಮೇದಪ್ಪನವರಿಗೆ ಕೂದಲೆಲ್ಲ ನರೆತಿತ್ತು. ನಾನು ಎರಡು ಅಂಕದಿಂದ ಗೆದ್ದೆ. ಅವರು ನಗುತ್ತಾ ಬಂದು, "ಚೆನ್ನಾಗಿ ಹೊಡೆದೆ ಮಗಳೇ. ನಿನ್ನದಕ್ಕೆ ತೂಕ ಬೇಡ" ಎಂದರು.

"ಬೇಕು. ನೀವೇ ಹಾಕಿ, ಎಲ್ಲರೂ ನೋಡಲಿ."

ಹಿತ್ತಾಳೆಯ ಬಟ್ಟು ಮೇಲೆದ್ದಿತು. "ಇನ್ನೊಂದು," ಎಂದೆ. ಎರಡೂ ಮೇಲೆದ್ದು ಗಾಳಿಯಲ್ಲಿ ತೂಗಾಡಿದವು. ಅಂಗಳದಲ್ಲಿ ಗುಸುಗುಸು ಶುರುವಾಯಿತು. ಮೇದಪ್ಪನವರು ರಿವಾಲ್ವರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಿಡಿ ಹೊಸದು, ಮೊನೆ ಹೊಸದು. ಒಳಗಿನದು?"

ಜನರ ಹಿಂದೆ ರಸೂಲ್ ಸಾಹೇಬರು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು.

"ಒಳಗಿನದೆಲ್ಲ ಅಪ್ಪನದೇ," ಎಂದೆ.

ಮೇದಪ್ಪನವರ ಮುಖ ಇಳಿದುಹೋಯಿತು. "ಹಾಗಾದ್ರೆ ಆವತ್ತು ನನ್ನ ಕೈಯೇ ತಪ್ಪಿತೇನೋ... ಬಟ್ಟಿನ ತೂಕವೇ ತಪ್ಪಿತ್ತೇನೋ..." ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಯಾರೂ ಕೇಳದಿದ್ದರೂ, ಜನರ ಕಡೆ ತಿರುಗಿ ಕೈ ಮುಗಿದರು. "ಇವಳಪ್ಪ ಪ್ರಾಮಾಣಿಕ. ಅವನ ಮಾನ ಕಳೆದವನು ನಾನು. ಕ್ಷಮಿಸಬೇಕು."

ರಸೂಲ್ ಸಾಹೇಬರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನು ಅವರನ್ನು ತಡೆಯಲಿಲ್ಲ. ಮೇದಪ್ಪನವರ ಬಗ್ಗಿದ ತಲೆಯನ್ನು ಕಣ್ತುಂಬ ನೋಡಿದೆ. ಖುಷಿಯಾಯಿತು. ಇಷ್ಟು ವರ್ಷಗಳ ಮೇಲೂ ಅದನ್ನು ಇಲ್ಲವೆನ್ನಲಾರೆ. ಆ ಖುಷಿ ಮನೆಯ ಹೊಸಿಲವರೆಗೆ ನನ್ನ ಜೊತೆ ಬಂತು.

"ಎಲ್ಲರೆದುರು ಹೇಳಿದರೇನೇ?" ಎಂದು ಅಮ್ಮ ಮೂರು ಸಲ ಕೇಳಿದರು. ಹೇಳಿದರು ಎಂದೆ. ಅಮ್ಮ ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಮನೆಮನೆಗೆ ಹಂಚಲು ತಟ್ಟೆಯಲ್ಲಿ ಸಕ್ಕರೆ ಹಾಕಿಕೊಂಡು, ಹತ್ತು ವರ್ಷದಲ್ಲಿ ಮೊದಲ ಸಲ ಬೀದಿಗಿಳಿದರು. ನಾನು ಜಗಲಿಯ ಮೇಲೆ ಕೂತಿದ್ದೆ. ಇಳಿಬಿಸಿಲಿನಲ್ಲಿ, ಬೀದಿಯುದ್ದಕ್ಕೂ, ಅಮ್ಮನಿಗಾಗಿ ಒಂದೊಂದೇ ಬಾಗಿಲು ತೆರೆದುಕೊಳ್ಳುತ್ತಾ ಹೋಯಿತು.